ಚಿಕ್ಕಪ್ಪಂದಿರ ಊರು

ಎಲ್ಲ ಅನಾಹುತಕ್ಕೂ ಕಾರಣ ನಾಲ್ಕು ಗುಂಡುಪಿನ್ನು. ಆ ದಿನ ಬೆಳಗ್ಗೆ ಅವು ಗುಮಾಸ್ತರ ಮೇಜಿನ ಡ್ರಾಯರಿನಲ್ಲಿ ಸಿಗದೇ ಹೋಗಿದ್ದರೆ, ವಾರಪತ್ರಿಕೆಯಿಂದ ಕತ್ತರಿಸಿದ ಆ ಪುಟ ಅವರ ಅಂಗಿಯ ಜೇಬಿನಲ್ಲೇ ಮಡಚಿಕೊಂಡು ಬಿದ್ದಿರುತ್ತಿತ್ತು. ಆದರೆ ಪಿನ್ನು ಸಿಕ್ಕಿದವು. ಪುಟ ಲಾಡ್ಜಿನ ನೋಟಿಸ್ ಬೋರ್ಡಿಗೇರಿತು. ರೂಮು ಖಾಲಿ ಮಾಡುವ ಸಮಯ ಬೆಳಗ್ಗೆ ಹನ್ನೊಂದು ಎಂಬ ಚೀಟಿಯ ಪಕ್ಕದಲ್ಲೇ, ಬಂದವರು ಹೋದವರ ಕಣ್ಣಿಗೆ ಸರಿಯಾಗಿ ಬೀಳುವ ಎತ್ತರದಲ್ಲಿ ಅದನ್ನು ಚುಚ್ಚಿ, ನಾಲ್ಕು ಹೆಜ್ಜೆ ಹಿಂದೆ ಸರಿದು ನಿಂತು ಗುಮಾಸ್ತರು ತೃಪ್ತಿಯಿಂದ ನೋಡಿದರು.

ಗುಮಾಸ್ತರು ಸಮುದ್ರದ ದಂಡೆಯ ಆ ಲಾಡ್ಜಿನಲ್ಲಿ ಇಪ್ಪತ್ತೆರಡು ವರ್ಷದಿಂದ ರಿಜಿಸ್ಟರ್ ಬರೆಯುತ್ತಿದ್ದರು. ಲಾಡ್ಜಿನ ಹಿತ್ತಿಲಿನ ಎರಡು ಕೋಣೆಗಳಲ್ಲಿ ಹೆಂಡತಿಯ ಜೊತೆ ಅವರ ಸಂಸಾರ. ಕೆಲಸ ಇರುವವರೆಗೆ ಮನೆ, ಕೆಲಸ ಹೋದರೆ ಮನೆಯೂ ಹೋಯಿತು ಎಂಬ ಕರಾರು. ಕೆಲಸವೇನೋ ಸುಲಭದ್ದೇ. ಬಂದವರ ಹೆಸರು, ವಯಸ್ಸು, ಉದ್ಯೋಗ, ಜೊತೆಗೆ ಯಾರು, ಕೊನೆಯಲ್ಲಿ 'ಸಂಬಂಧ' ಎಂಬ ಕಾಲಂ. ಉಳಿದ ಕಾಲಂಗಳನ್ನು ಗುಮಾಸ್ತರು ಗೀಚಿ ಮುಗಿಸುತ್ತಿದ್ದರು. ಸಂಬಂಧದ ಕಾಲಂ ಬಂತೆಂದರೆ ಮಾತ್ರ ಪೆನ್ನು ನಿಧಾನವಾಗುತ್ತಿತ್ತು, ಅಕ್ಷರ ದುಂಡಗಾಗುತ್ತಿತ್ತು. ಅವರ ಬದುಕಿನ ಅತಿ ದೊಡ್ಡ ಬೆರಗು ಆ ಒಂದು ಕಾಲಮ್ಮಿನಲ್ಲಿತ್ತು.

ಬರುವ ಹತ್ತು ಜೋಡಿಗಳಲ್ಲಿ ಎಂಟು ಜೋಡಿ ಚಿಕ್ಕಪ್ಪ ಮತ್ತು ಅಣ್ಣನ ಮಗಳು.

"ಇವತ್ತು ಏಳು ಜನ ಚಿಕ್ಕಪ್ಪಂದಿರು ಬಂದಿದ್ರು ಕಣೇ," ಎಂದು ಊಟಕ್ಕೆ ಕೂತಾಗ ಹೆಂಡತಿಗೆ ವರದಿ ಒಪ್ಪಿಸುವರು. "ನನಗೂ ಒಬ್ಬ ಚಿಕ್ಕಪ್ಪ ಇದ್ದ. ಒಂದು ದಿನ ಒಂದು ಪೆಪ್ಪರಮಿಂಟು ಕೊಡಿಸಿದವನಲ್ಲ. ಇವರನ್ನ ನೋಡು. ಅಣ್ಣನ ಮಗಳಿಗೆ ಸಮುದ್ರ ತೋರಿಸಬೇಕು ಅಂತ ಎಲ್ಲೆಲ್ಲಿಂದಲೋ ಬರ್ತಾರೆ. ಕಟ್ಟಿಕೊಂಡ ಹೆಂಡತೀನೂ ಮನೇಲಿ ಬಿಟ್ಟು ಬರ್ತಾರೆ. ಎಂಥಾ ಜೀವ ಇರಬೇಕು."

ಹೆಂಡತಿ ಹ್ಞೂಂ ಎಂದು ತಟ್ಟೆಗೆ ಇನ್ನಷ್ಟು ಬಡಿಸುವಳು.

ಇನ್ನು ಆ ಊರಿನ ಸಮಾಚಾರ. ನಾನು ಇಂಥ ಊರಿನವನು ಅಂದರೆ ಸಾಕು, ಬೇರೆ ಊರಿನವರು ಮೊದಲು ಸುತ್ತಮುತ್ತ ಹೆಂಗಸರು ಮಕ್ಕಳು ಇದ್ದಾರೇನೋ ನೋಡಿ, ಆಮೇಲೆ ಬಾಯಿಯ ಒಂದು ಕಡೆಯಿಂದ ನಗುತ್ತಿದ್ದರು. ಊರಿನ ಉಳಿದವರಿಗೆ ಈ ನಗು ಮೈಯೆಲ್ಲ ಉರಿಸುತ್ತಿತ್ತು. ಗುಮಾಸ್ತರು ಮಾತ್ರ, ನಮ್ಮೂರಿನ ಹೆಸರು ಕೇಳಿದರೆ ಜನರ ಮುಖವೇ ಅರಳುತ್ತದಲ್ಲ ಎಂದು ಹೆಮ್ಮೆಪಡುತ್ತಿದ್ದರು.

ಎರಡು ತಿಂಗಳ ಹಿಂದೆ ದಪ್ಪ ಕನ್ನಡಕದ ಅತಿಥಿಯೊಬ್ಬರು ಒಂಟಿಯಾಗಿ ಬಂದಿದ್ದರು. ಸಂಬಂಧದ ಕಾಲಂ ಖಾಲಿ. ಅಯ್ಯೋ ಪಾಪ, ಇವರಿಗೆ ಅಣ್ಣನೂ ಇಲ್ಲ, ಅಣ್ಣನ ಮಗಳೂ ಇಲ್ಲ ಎಂದು ಗುಮಾಸ್ತರಿಗೆ ಕರುಳು ಚುರುಕ್ ಎಂದಿತು. ಚಹಾ ತರಿಸಿಕೊಟ್ಟು, ಹದಿನಾಲ್ಕು ಹಳೆಯ ರಿಜಿಸ್ಟರುಗಳನ್ನು ಧೂಳು ಕೊಡವಿ ಮುಂದಿಟ್ಟು, ಜಗತ್ತಿನಲ್ಲಿ ಇನ್ನೂ ಎಷ್ಟು ಪ್ರೀತಿ ಉಳಿದಿದೆ ನೋಡಿ ಸಾರ್ ಎಂದು ಎರಡು ಗಂಟೆ ವಿವರಿಸಿದ್ದರು. ಕನ್ನಡಕದವರು ಪುಟ್ಟ ಪುಸ್ತಕದಲ್ಲಿ ಬರೆದುಕೊಂಡೇ ಬರೆದುಕೊಂಡರು. ಅದು ಈಗ 'ವಾತ್ಸಲ್ಯದ ರಾಜಧಾನಿ' ಎಂಬ ಹೆಸರಿನಲ್ಲಿ ಅಚ್ಚಾಗಿ ಬಂದಿತ್ತು.

"ಬೇರೆ ಕಡೆ ಚಿಕ್ಕಪ್ಪಂದಿರು ಆಸ್ತಿ ಪಾಲಾಗುವಾಗ ಮಾತ್ರ ಕಾಣಿಸಿಕೊಳ್ಳುತ್ತಾರೆ. ಈ ಊರಿನಲ್ಲಿ ಅವರು ಅಣ್ಣನ ಮಗಳ ಸೂಟ್‌ಕೇಸನ್ನು ತಾವೇ ಹೊರುತ್ತಾರೆ. ಕೆಲವು ಭಾಗ್ಯವಂತೆಯರಿಗಂತೂ ಒಂದೇ ತಿಂಗಳಲ್ಲಿ ಮೂವರು ಚಿಕ್ಕಪ್ಪಂದಿರು. ಇದನ್ನೆಲ್ಲ ಒಬ್ಬ ಮಹಾನುಭಾವರು ದುಂಡಗಿನ ಅಕ್ಷರದಲ್ಲಿ ಬರೆದಿಟ್ಟಿದ್ದಾರೆ. ಅವರು ಇರುವವರೆಗೆ ನಾವು ಮನುಷ್ಯರ ಮೇಲಿನ ನಂಬಿಕೆ ಕಳೆದುಕೊಳ್ಳಬೇಕಾಗಿಲ್ಲ."

ಮಹಾನುಭಾವರು ಎಂಬಲ್ಲಿಗೆ ಬಂದಾಗ ಗುಮಾಸ್ತರ ಕಣ್ಣು ತುಂಬಿತ್ತು. ಆಮೇಲೆಯೇ ಅವರು ಗುಂಡುಪಿನ್ನು ಹುಡುಕಿದ್ದು.

ಮೊದಲು ಮೆಟ್ಟಿಲಿಳಿದು ಬಂದವರು ಒಂಬತ್ತನೇ ನಂಬರಿನ ಚಿಕ್ಕಪ್ಪ. "ಬನ್ನಿ ಸಾರ್, ನಿಮ್ಮಂಥವರ ಬಗ್ಗೆಯೇ ಬರೆದಿದಾರೆ," ಎಂದು ಗುಮಾಸ್ತರು ಅವರ ತೋಳು ಹಿಡಿದು ಬೋರ್ಡಿನ ಮುಂದೆ ನಿಲ್ಲಿಸಿದರು. ಚಿಕ್ಕಪ್ಪ ಎರಡು ಸಾಲು ಓದಿದರು. ಮುಖ ಸುಣ್ಣ ಬಳಿದಂತಾಯಿತು. ಹತ್ತು ನಿಮಿಷದಲ್ಲಿ ಒಂಬತ್ತನೇ ನಂಬರು ಖಾಲಿ. ಅವರ ಹಿಂದೆ ಹದಿಮೂರು, ಹದಿನಾರು, ಇಪ್ಪತ್ತೊಂದು. ಹೊಗಳಿದರೆ ನಾಚಿಕೊಳ್ಳುವ ಜನ ಇವರು, ಎಷ್ಟು ವಿನಯ ಎಂದು ಗುಮಾಸ್ತರಿಗೆ ಇನ್ನೂ ಬೆರಗಾಯಿತು.

ನಾಲ್ಕನೇ ನಂಬರಿನವರು ಗಡಿಬಿಡಿಯಲ್ಲಿ ಅಣ್ಣನ ಮಗಳನ್ನೇ ಬಿಟ್ಟು ಹೋಗಿದ್ದರು. ಅವಳು ಕೆಳಗೆ ಬಂದು, "ಅವರೆಲ್ಲಿ?" ಎಂದಳು.

"ನಿಮ್ಮ ಚಿಕ್ಕಪ್ಪ ಆಗಲೇ ಹೋದ್ರಲ್ಲ ತಾಯಿ," ಎಂದು ಗುಮಾಸ್ತರು ಕಳವಳದಿಂದ ಫೋನಿನ ಕಡೆ ಕೈ ಚಾಚಿದರು. "ನಿಮ್ಮ ತಂದೆಯವರ ನಂಬರು ಕೊಡಿ. ನಿಮ್ಮ ತಮ್ಮ ಹೀಗೆ ಮಗಳನ್ನ ಲಾಡ್ಜಲ್ಲಿ ಬಿಟ್ಟು ಹೋಗಿದಾರೆ, ಬಂದು ಕರ್ಕೊಂಡು ಹೋಗಿ ಅಂತ ನಾನೇ ಹೇಳ್ತೀನಿ."

ಅವಳು ಚಪ್ಪಲಿ ಕೈಯಲ್ಲಿ ಹಿಡಿದು ಓಡಿದ ವೇಗಕ್ಕೆ ಎದುರಿನ ಕಟಿಂಗ್ ಶಾಪಿನವನು ಗಿರಾಕಿಯ ಅರ್ಧ ಗಡ್ಡ ಹಾಗೇ ಬಿಟ್ಟು ಹೊರಗೆ ಬಂದ. ಅವನ ಹಿಂದೆಯೇ, ದಂಡೆಯ ಮೇಲೆ ಪ್ರವಾಸಿಗರ ಫೋಟೋ ತೆಗೆಯುವವನೂ ಬಂದ. ಇಬ್ಬರೂ ಬೋರ್ಡಿನ ಮುಂದೆ ನಿಂತು ಓದಿದರು. ಓದುತ್ತ ಓದುತ್ತ ಕಟಿಂಗ್ ಶಾಪಿನವನು ಗೋಡೆ ಹಿಡಿದುಕೊಂಡ. ಫೋಟೋದವನು ನೆಲಕ್ಕೇ ಕೂತ.

"ಗುಮಾಸ್ತ್ರೇ, ಇದನ್ನ ನೀವೇ ಚುಚ್ಚಿದ್ದಾ?"

"ಹೌದಪ್ಪ. ಇಷ್ಟು ಚೆನ್ನಾಗಿ ಹೊಗಳಿದಾರೆ, ನಾಲ್ಕು ಜನ ಓದಲಿ ಅಂತ."

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಫೋಟೋದವನು ಕಣ್ಣೊರೆಸಿಕೊಂಡು ಎದ್ದ. "ನಾನು ಒಂದು ಮಾತು ಕೇಳ್ತೀನಿ, ಹೇಳಿ. ಹದಿನೈದು ವರ್ಷದಿಂದ ದಂಡೆ ಮೇಲೆ ಇದೀನಿ. ಮಕ್ಕಳು ಮರಿ ಕಟ್ಕೊಂಡು ಬಂದವರು ಕ್ಯಾಮೆರಾ ಕಂಡ್ರೆ ಹಲ್ಲು ಕಿರಿದು ನಿಲ್ತಾರೆ. ನಿಮ್ಮ ಚಿಕ್ಕಪ್ಪಂದಿರು ಕ್ಯಾಮೆರಾ ಕಂಡ್ರೆ ಟವಲ್ಲು ತಲೆ ಮೇಲೆ ಎಳ್ಕೊಂಡು ಓಡ್ತಾರೆ. ಯಾಕೆ?"

ಗುಮಾಸ್ತರು ಯೋಚಿಸಿದರು. "ಬಿಸಿಲಿಗೆ."

ಫೋಟೋದವನು ಮತ್ತೆ ಕೂತ.

ಅಷ್ಟರಲ್ಲಿ ಲಾಡ್ಜಿನ ಯಜಮಾನರು ಬಂದರು. ಊರಿನ ಲಾಡ್ಜು ಮಾಲೀಕರ ಸಂಘಕ್ಕೆ ಅವರೇ ಅಧ್ಯಕ್ಷರು, ಊರಿನ ಮಾನ ಮರ್ಯಾದೆಯೆಲ್ಲ ತಮ್ಮ ತಲೆಯ ಮೇಲಿದೆ ಎಂಬಂತೆ ಕತ್ತು ನೆಟ್ಟಗೆ ಇಟ್ಟುಕೊಂಡು ನಡೆಯುವವರು. ಪುಟವನ್ನು ಕಿತ್ತು ಕೈಯಲ್ಲಿ ಹಿಡಿದುಕೊಂಡರು.

"ಇದನ್ನ ಬರೆದವನಿಗೆ ರಿಜಿಸ್ಟರು ತೋರಿಸಿದ್ದು ಯಾರು?"

"ನಾನೇ ಯಜಮಾನ್ರೇ," ಎಂದರು ಗುಮಾಸ್ತರು ವಿನಯದಿಂದ. "ನನ್ನ ಹೆಸರು ಹಾಕದೇ ಬರೀ ಮಹಾನುಭಾವ ಅಂತ ಹಾಕಿದಾರೆ. ಇರಲಿ ಬಿಡಿ."

"ಇಪ್ಪತ್ನಾಲ್ಕು ರೂಮಲ್ಲಿ ಈಗ ಎಷ್ಟು ಜನ ಇದಾರೆ?"

"ಹತ್ತೊಂಬತ್ತನೇ ನಂಬರಲ್ಲಿ ಒಬ್ರು ಇದಾರೆ. ಇನ್ನೂ ಎದ್ದಿಲ್ಲ. ಎದ್ದ ಕೂಡಲೇ ಓದಿಸ್ತೀನಿ."

ಯಜಮಾನರು ಒಂದು ಕುರ್ಚಿ ಎಳೆದುಕೊಂಡು ಕೂತು ನೀರು ಕೇಳಿದರು.

ಮಧ್ಯಾಹ್ನ ಹನ್ನೆರಡಕ್ಕೆ ಲಾಡ್ಜಿನ ಊಟದ ಹಾಲಿನಲ್ಲಿ ಸಂಘದ ತುರ್ತು ಸಭೆ ಸೇರಿತು. ಚರ್ಚೆಯ ವಿಷಯ ಒಂದೇ: ಈ ಬರಹ ತಮಾಷೆಯೋ, ಮಾನಹಾನಿಯೋ. ತಮಾಷೆಯಾದರೆ ಸುಮ್ಮನಿರುವುದು, ಮಾನಹಾನಿಯಾದರೆ ಪತ್ರಿಕೆಗೆ ವಕೀಲರ ನೋಟಿಸು. ಅರ್ಧ ಗಂಟೆ ಕೂಗಾಡಿದರೂ ಒಮ್ಮತ ಬರಲಿಲ್ಲ. ಕೊನೆಗೆ ಕಟಿಂಗ್ ಶಾಪಿನವನು, ಅವನು ಸಂಘದ ಸದಸ್ಯನಲ್ಲದಿದ್ದರೂ ಯಾವ ಸಭೆಯನ್ನೂ ತಪ್ಪಿಸುವವನಲ್ಲ, ಒಂದು ಉಪಾಯ ಹೇಳಿದ. "ಗಟ್ಟಿಯಾಗಿ ಓದಿ. ಯಾರೂ ನಗದಿದ್ರೆ ಮಾನಹಾನಿ ಅಂತ ಬರೆದುಬಿಡಿ."

ಯಜಮಾನರೇ ಓದಲು ಎದ್ದರು. ಶೋಕಸಭೆಯ ಮುಖ ಮಾಡಿಕೊಂಡು ಶುರುಮಾಡಿದರು. ಮೊದಲ ಪ್ಯಾರಾ ದಾಟಿತು, ಹಾಲಿನಲ್ಲಿ ಉಸಿರಿಲ್ಲ. ಸೂಟ್‌ಕೇಸಿನ ಸಾಲಿಗೆ ಹಿಂದಿನ ಬೆಂಚಿನಲ್ಲಿ ಯಾರೋ ಕೆಮ್ಮಿದರು. ಒಂದೇ ತಿಂಗಳಲ್ಲಿ ಮೂವರು ಎಂಬಲ್ಲಿಗೆ ಬಂದಾಗ ಯಜಮಾನರ ಸ್ವಂತ ಹೊಟ್ಟೆಯೇ ಅವರ ಮಾತು ಮೀರಿ ಕುಲುಕಾಡತೊಡಗಿತು. ಆಮೇಲೆ ಹಾಲಿಗೆ ಹಾಲೇ ನಕ್ಕಿತು. ಮೇಜು ಬಡಿದು ನಕ್ಕರು, ಪಕ್ಕದವನ ತೊಡೆ ಬಡಿದು ನಕ್ಕರು. ಇಡೀ ಸಭೆಯಲ್ಲಿ ನಗದೇ ನಿಂತಿದ್ದವರು ಒಬ್ಬರೇ.

"ನನಗೊಂದು ಅನುಮಾನ," ಎಂದರು ಗುಮಾಸ್ತರು. "ಅವರು ಚಿಕ್ಕಪ್ಪಂದಿರಲ್ಲ ಅಂದ್ರೆ, ಮತ್ತೆ ಯಾರು?"

ಇವರು ನಿಜವಾಗಿ ಕೇಳುತ್ತಿದ್ದಾರೆ ಎಂದು ಅರ್ಥವಾದ ಮೇಲೆ ಎದ್ದ ನಗೆಗೆ ಹತ್ತೊಂಬತ್ತನೇ ನಂಬರಿನವರು ಎಚ್ಚರವಾಗಿ, ಏನೋ ಪೊಲೀಸು ಗದ್ದಲವೆಂದು ಹಿಂಬಾಗಿಲಿನಿಂದ ಹೋಗಿಬಿಟ್ಟರು. ಕಟಿಂಗ್ ಶಾಪಿನವನು ಗುಮಾಸ್ತರನ್ನು ಕಿಟಕಿಯ ಹತ್ತಿರ ಕರೆದುಕೊಂಡು ಹೋಗಿ ಅವರ ಕಿವಿಯಲ್ಲಿ ಎರಡು ನಿಮಿಷ ಮಾತಾಡಿದ. ಗುಮಾಸ್ತರ ಬಾಯಿ ತೆರೆದದ್ದು ತೆರೆದಂತೆಯೇ ಇತ್ತು.

ಸಭೆಯ ತೀರ್ಮಾನ ಹೀಗಾಯಿತು: ಪಕ್ಕದ ಲಾಡ್ಜಿನ ಬಗ್ಗೆ ಬರೆದಿದ್ದರೆ ತಮಾಷೆ, ತಮ್ಮ ಲಾಡ್ಜಿನ ಬಗ್ಗೆ ಬರೆದಿದ್ದರೆ ಮಾನಹಾನಿ. ಎಲ್ಲ ಮಾಲೀಕರೂ ಇದಕ್ಕೆ ಸಹಿ ಹಾಕಿದರು. ಸಭೆ ಚದುರಿದ ಮೇಲೆ ಯಜಮಾನರು ಗುಮಾಸ್ತರ ಕಡೆ ತಿರುಗಿದರು.

"ಇನ್ನು ಮೇಲೆ ಯಾರು ಏನು ಹೇಳಿದ್ರೂ ನಂಬಕೂಡದು. ಪುರಾವೆ ಇಲ್ಲದೇ ಆ ಕಾಲಮ್ಮಲ್ಲಿ ಒಂದಕ್ಷರ ಬರೀಕೂಡದು. ಒಬ್ಬರನ್ನ ನಂಬಿದ್ರಿ ಅಂತ ಗೊತ್ತಾಯ್ತೋ, ಅವತ್ತೇ ಹಿಂದಿನ ಎರಡು ಕೋಣೆ ಖಾಲಿ ಮಾಡಿ. ನೋಡ್ಕೊಳ್ಳೋಕೆ ಇವರಿಬ್ಬರು ಇಲ್ಲೇ ಕೂತಿರ್ತಾರೆ." ಕಟಿಂಗ್ ಶಾಪಿನವನೂ ಫೋಟೋದವನೂ ಗಂಭೀರವಾಗಿ ತಲೆಯಾಡಿಸಿದರು.

ಗುಮಾಸ್ತರು ಹಿತ್ತಿಲಿನ ಕೋಣೆಗೆ ಹೋದರು. ಹೆಂಡತಿ ಒಗೆದ ಬಟ್ಟೆ ಮಡಚುತ್ತಿದ್ದಳು. ಅವರು ಹೊಸ್ತಿಲ ಮೇಲೇ ಕೂತರು.

"ನಿನಗೆ ಗೊತ್ತಿತ್ತಾ?"

ಅವಳಿಗೆ ಯಾವುದು ಎಂದು ಕೇಳುವ ಅಗತ್ಯ ಬೀಳಲಿಲ್ಲ. "ಗೊತ್ತಿತ್ತು ರೀ."

"ಯಾವಾಗಿಂದ?"

"ಮದುವೆಯಾಗಿ ಬಂದ ವಾರದಿಂದ."

"ಇಪ್ಪತ್ತು ವರ್ಷ ಆಯ್ತಲ್ಲೇ. ಒಂದು ಮಾತು ಹೇಳಬಾರದಿತ್ತಾ?"

"ನೀವು ದಿನಾ ಅಷ್ಟು ಖುಷಿಯಾಗಿ ಹೇಳ್ತಿದ್ರಿ," ಎಂದು ಅವಳು ಅಂಗಿಯ ತೋಳನ್ನು ಎರಡೆರಡು ಸಲ ಸರಿಮಾಡಿದಳು. "ಹೇಳೋಕೆ ಮನಸ್ಸು ಬರಲಿಲ್ಲ."

ಗುಮಾಸ್ತರಿಗೆ ದುಃಖವಾಯಿತು. ನಾಚಿಕೆಯೂ ಆಯಿತು. ಆದರೆ ಅವೆರಡನ್ನೂ ಮೀರಿ ಒಳಗಿನಿಂದ ಹಳೆಯ ಬೆರಗೇ ಇನ್ನೂ ದೊಡ್ಡದಾಗಿ ಎದ್ದು ಬಂತು. ಅಂಗಳದಾಚೆ ಸಮುದ್ರ ಮಧ್ಯಾಹ್ನದ ಬಿಸಿಲಿಗೆ ಕಣ್ಣು ಕೋರೈಸುತ್ತ ಬಿದ್ದಿತ್ತು. ಅದನ್ನೇ ನೋಡುತ್ತ ಹೇಳಿದರು: "ಅಲ್ಲ ಕಣೇ, ಹದಿನಾಲ್ಕು ರಿಜಿಸ್ಟರು. ಸಾವಿರಾರು ಜನ. ಒಬ್ಬರಿಗೊಬ್ಬರು ಪರಿಚಯ ಇಲ್ಲ, ಹೇಳಿಕೊಟ್ಟೋರು ಇಲ್ಲ. ಮಾವ ಇದ್ದ, ಅಣ್ಣ ಇದ್ದ, ಭಾವ ಇದ್ದ. ಎಲ್ಲರಿಗೂ ಚಿಕ್ಕಪ್ಪನೇ ಹೇಗೆ ಹೊಳೆದ?"

"ಅದೂ ಸರಿನೇ," ಎಂದಳು ಹೆಂಡತಿ. ಅವಳೂ ಮೊದಲ ಸಲ ಆ ವಿಷಯ ಯೋಚಿಸಿದಂತೆ ಕಂಡಿತು.

ಮೂರು ಗಂಟೆಗೆ ಗುಮಾಸ್ತರು ಮೇಜಿಗೆ ಮರಳಿದರು. ಹೊಸ ಮನುಷ್ಯರಾಗಿದ್ದರು. ತಾಯಿಯನ್ನು ಕರೆತಂದ ಮಗನಿಗೆ, ನಿಮ್ಮ ತಾಯಿ ಅನ್ನೋದಕ್ಕೆ ಏನು ಆಧಾರ ಎಂದರು. ಆ ತಾಯಿ ಮಗನ ಬಾಲ್ಯದ ಒಂದೊಂದೇ ಕಾಯಿಲೆಯನ್ನು ತಿಥಿವಾರ ಸಮೇತ ಹೇಳಿದ ಮೇಲೂ ಕಾಲಂ ಖಾಲಿಯೇ ಬಿಟ್ಟರು. ತದ್ರೂಪು ಮುಖದ ಅವಳಿ ಸೋದರರು ಬಂದರೆ, ಮುಖ ಯಾರದು ಬೇಕಾದರೂ ಹೋಲಬಹುದು ಎಂದು ವಾಪಸು ಕಳಿಸಿದರು. ಕಾವಲು ಕೂತ ಇಬ್ಬರಿಗೂ ಅವರ ಪ್ರಗತಿ ನೋಡಿ ಮೆಚ್ಚುಗೆಯಾಯಿತು. ಗುಮಾಸ್ತರ ಬಾಯಿಯ ಒಂದು ಕಡೆ ಸಣ್ಣ ನಗುವೊಂದು ಮೂಡತೊಡಗಿತ್ತು, ಬೇರೆ ಊರಿನವರು ನಗುತ್ತಾರಲ್ಲ, ಅಂಥದು.

ನಾಲ್ಕೂವರೆಗೆ ಯಜಮಾನರು ಮೆಟ್ಟಿಲೇರಿ ಬಂದರು. ಕೈಯಲ್ಲಿ ಒಂದು ನೀಲಿ ಸೂಟ್‌ಕೇಸು. ಹಿಂದೆ ಇಪ್ಪತ್ತರ ಆಸುಪಾಸಿನ ಹುಡುಗಿ, ಸಮುದ್ರದ ಕಡೆ ನೋಡಿ ನೋಡಿ ಎಡವುತ್ತಿದ್ದಳು.

"ಗುಮಾಸ್ತರೇ, ಮೇಲಿನ ಸಮುದ್ರದ ಕಡೆಯ ರೂಮು ಕೊಡಿ. ಕಾಲೇಜಿಗೆ ರಜಾ ಅಂತ ಹೇಳದೇ ಕೇಳದೇ ಬಸ್ಸು ಹತ್ತಿ ಬಂದುಬಿಟ್ಟಿದಾಳೆ. ನಮ್ಮ ಮನೇಲಿ ಬಣ್ಣ ಹೊಡೀತಿದಾರೆ, ಕಾಲಿಡೋಕೆ ಜಾಗ ಇಲ್ಲ." ಅಲ್ಲಿಯವರೆಗೆ ಸಲೀಸಾಗಿ ಬಂದ ಮಾತು ಅಲ್ಲಿಗೆ ನಿಂತಿತು. ಮುಂದಿನ ಮಾತು ಏನೆಂದು ಯಜಮಾನರಿಗೇ ಆಗ ಹೊಳೆದಿರಬೇಕು. ಹಣೆ ಬೆವರಿತು. "ಇವಳು ನಮ್ಮ, ಅದೇ, ನಮ್ಮ ಅಣ್ಣನ ಮಗಳು."

ಫೋಟೋದವನ ಕೈಯಿಂದ ಚಹಾದ ಲೋಟ ಜಾರಿತು. ಗುಮಾಸ್ತರು ಪೆನ್ನಿನ ಮುಚ್ಚಳ ಹಾಕಿ, ಯಜಮಾನರನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದರು.

"ಯಜಮಾನ್ರೇ, ನೀವೂನಾ?"

ಕಟಿಂಗ್ ಶಾಪಿನವನು ಕುರ್ಚಿಯಿಂದ ಬಿದ್ದೇ ಬಿದ್ದ. "ಚಿಕ್ಕಪ್ಪಾ, ಇವರೆಲ್ಲ ಯಾಕೆ ನಗ್ತಿದಾರೆ?" ಎಂದಳು ಹುಡುಗಿ. ನಗು ಇಮ್ಮಡಿಯಾಯಿತು. ಅವಳು ಚಿಕ್ಕಪ್ಪಾ ಎಂದಷ್ಟೂ ಬಾಗಿಲಲ್ಲಿ ಜನ ಹೆಚ್ಚಾದರು. ಯಜಮಾನರು ಅಣ್ಣನಿಗೆ ಫೋನು ಮಾಡಿದರು, ಅಣ್ಣ ಎತ್ತಲಿಲ್ಲ. ಮನೆಗೆ ಫೋನು ಮಾಡಿದರು, ಹೆಂಡತಿ ಬಣ್ಣದವರನ್ನು ಬೈಯುವ ಸದ್ದಿನಲ್ಲಿ ಏನೂ ಕೇಳಿಸಲಿಲ್ಲ. ನೆಟ್ಟಗಿದ್ದ ಕತ್ತು ಕುಗ್ಗಿ ಹೋಗಿತ್ತು.

"ಗುಮಾಸ್ತರೇ," ಎಂದು ಅವರು ಮೇಜಿನ ಮೇಲೆ ಬಾಗಿದರು. "ಇಡೀ ಊರು ನಗ್ತಾ ಇದೆ. ನೀವಾದ್ರೂ ನಂಬಿ."

ಆ ಧ್ವನಿ ಕೇಳಿ ಗುಮಾಸ್ತರು ತಲೆಯೆತ್ತಿ ಹುಡುಗಿಯನ್ನು ಸರಿಯಾಗಿ ನೋಡಿದರು. ಯಜಮಾನರ ಕಿವಿಗಳು ಮೊರದಂತೆ ಅಗಲ, ಎಡಗಿವಿಯ ಮೇಲ್ತುದಿ ಮಡಚಿದಂತೆ ಇತ್ತು. ಹುಡುಗಿಯದೂ ಹಾಗೆಯೇ, ಅದೇ ಎಡಗಿವಿ, ಅದೇ ಮಡಿಕೆ. ಅಳು ತಡೆಯಲು ತುಟಿ ಕಚ್ಚಿಕೊಂಡು ಅವಳು ಚಿಕ್ಕಪ್ಪನ ಅಂಗಿಯ ತುದಿ ಹಿಡಿದು ನಿಂತಿದ್ದಳು. ಗುಮಾಸ್ತರ ಮೈ ಜುಮ್ಮೆಂದಿತು. ಇಪ್ಪತ್ತೆರಡು ವರ್ಷ, ಹದಿನಾಲ್ಕು ರಿಜಿಸ್ಟರು, ಇವತ್ತು ಮೊದಲ ಬಾರಿಗೆ ಒಬ್ಬ ಚಿಕ್ಕಪ್ಪ ಬಂದಿದ್ದ. ಬಾಯಿಯ ಮೂಲೆಯ ನಗು ಎಲ್ಲಿ ಹೋಯಿತೋ. ತುಂಬಿದ ಕಣ್ಣಿನಲ್ಲಿ ಪೆನ್ನು ಬಿಚ್ಚಿ, ಅತ್ಯಂತ ದುಂಡಗೆ ಬರೆದರು: 'ನಿಜವಾದ ಅಣ್ಣನ ಮಗಳು'.

ಕಟಿಂಗ್ ಶಾಪಿನವನು ಇಣುಕಿ ನೋಡಿ, ಬಾಗಿಲಲ್ಲಿದ್ದವರಿಗೆ ಕೇಳುವಂತೆ ಓದಿದ. ಬಾಗಿಲಲ್ಲಿದ್ದವರು ಬೀದಿಗೆ ಹೇಳಿದರು. ನಗು ಒಂದೊಂದೇ ಅಂಗಡಿ ದಾಟಿ ದಂಡೆಯವರೆಗೆ ಹೋದದ್ದು ಒಳಗಿದ್ದವರಿಗೆ ಕೇಳಿಸುತ್ತಿತ್ತು.

"ಪುರಾವೆ ಇಲ್ಲದೇ ಬರೀಬೇಡಿ ಅಂದಿದ್ದೆ," ಎಂದರು ಯಜಮಾನರು. ಅವರ ಧ್ವನಿ ಬಹಳ ಸಣ್ಣದಾಗಿತ್ತು.

"ನೀವೇ ನಂಬಿ ಅಂದ್ರಿ, ಯಜಮಾನ್ರೇ."

"ನಂಬಿ ಅಂದೆ. ಬರೀರಿ ಅಂದ್ನಾ?" ಅವರು ಪೆನ್ನು ಕಿತ್ತುಕೊಂಡು ಆ ಸಾಲು ಹೊಡೆದುಹಾಕಿದರು. ಬದಲಿಗೆ ಮಗಳು ಎಂದು ಬರೆಯಲು ಹೋದರು, ನಿಲ್ಲಿಸಿದರು. ತಂಗಿ ಎಂದು ಬರೆಯಲು ಹೋದರು, ನಿಲ್ಲಿಸಿದರು. ಆ ಊರಿನಲ್ಲಿ ನಗು ಬಾರದ ಸಂಬಂಧ ಒಂದೂ ಉಳಿದಿರಲಿಲ್ಲ. ಪೆನ್ನು ಕೆಳಗಿಟ್ಟು ಗುಮಾಸ್ತರ ಕಡೆ ನೋಡದೇ ಹೇಳಿದರು: "ಕೋಣೆ ಖಾಲಿ ಮಾಡಿ."

ಆರು ಗಂಟೆಯ ಹೊತ್ತಿಗೆ ಗುಮಾಸ್ತರೂ ಹೆಂಡತಿಯೂ ಒಂದು ಟ್ರಂಕು, ಎರಡು ಚೀಲ ಹಿಡಿದು ಬಸ್ ನಿಲ್ದಾಣದ ಹತ್ತಿರ ನಿಂತಿದ್ದರು. ಹೆಂಡತಿಯ ಅಣ್ಣನ ಊರಿಗೆ ಇನ್ನು ಬೆಳಗ್ಗೆಯೇ ಬಸ್ಸು. ಎದುರಿಗೊಂದು ಚಿಕ್ಕ ಲಾಡ್ಜಿತ್ತು. ಒಳಗೆ ಮೇಜಿನ ಹಿಂದೆ ಗುಮಾಸ್ತರಿಗೆ ಗುರುತಿಲ್ಲದ ಮನುಷ್ಯನೊಬ್ಬ ಕೂತಿದ್ದ. ಹೆಸರು ಕೇಳಿದ, ವಯಸ್ಸು ಕೇಳಿದ. ಉದ್ಯೋಗ ಎಂದಾಗ ಗುಮಾಸ್ತರು ಇಲ್ಲವೆಂದು ತಲೆಯಾಡಿಸಿದರು. ಅವನು ಅಲ್ಲಿ ಒಂದು ಗೀಟು ಎಳೆದ.

"ಸಂಬಂಧ?"

ಸಾವಿರಾರು ಜನರನ್ನು ತಾವು ಕೇಳಿದ ಮಾತು. ತಮ್ಮನ್ನು ಒಬ್ಬರೂ ಕೇಳಿರಲಿಲ್ಲ. ಗುಮಾಸ್ತರು ಬೆನ್ನು ನೆಟ್ಟಗೆ ಮಾಡಿಕೊಂಡು, ಗಂಟಲು ಸರಿಮಾಡಿಕೊಂಡು, "ಗಂಡ ಹೆಂಡತಿ," ಎಂದರು.

ಆ ಮನುಷ್ಯ ಪೆನ್ನು ಕೆಳಗಿಟ್ಟ. ಇಬ್ಬರನ್ನೂ ನೋಡಿದ, ಟ್ರಂಕನ್ನು ನೋಡಿದ. ಆಮೇಲೆ ಮೇಜಿನ ಮೇಲೆ ಬಾಗಿ ಸಣ್ಣ ದನಿಯಲ್ಲಿ, ತುಂಬ ಸೌಜನ್ಯದಿಂದ ಹೇಳಿದ: "ಸಾರ್, ನಾನು ಕೆಲಸಕ್ಕೆ ಸೇರಿ ತಿಂಗಳಾಗಿಲ್ಲ. ಆದರೂ ನಿಮ್ಮ ಒಳ್ಳೇದಕ್ಕೇ ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಈ ಊರಲ್ಲಿ ಯಾರೂ ಹಾಗೆ ಬರೆಸಲ್ಲ. ನೋಡಿದವರಿಗೆ ಅನುಮಾನ ಬರುತ್ತೆ. ಚಿಕ್ಕಪ್ಪ ಅಂತ ಹಾಕ್ಲಾ?"

ಗುಮಾಸ್ತರು ಹೆಂಡತಿಯ ಕಡೆ ತಿರುಗಿದರು. ಅವಳು ಕೈಯಿಂದ ಬಾಯಿ ಮುಚ್ಚಿಕೊಂಡಿದ್ದಳು. ಇಪ್ಪತ್ತು ವರ್ಷ ಊಟದ ತಟ್ಟೆಯ ಮುಂದೆ ತಡೆದಿಟ್ಟುಕೊಂಡಿದ್ದ ನಗು ಈಗ ಅವಳ ಭುಜವನ್ನೆಲ್ಲ ಅಲುಗಾಡಿಸುತ್ತಿತ್ತು. ಕಣ್ಣಲ್ಲಿ ನೀರು ಸುರಿಯುತ್ತಿತ್ತು.

"ಇದೇನು ನಗೋ ವಿಷಯಾನೇ?" ಎಂದರು ಗುಮಾಸ್ತರು.

"ಹಾಕ್ಕೊಳಪ್ಪ," ಎಂದಳು ಅವಳು ಮೇಜಿನವನಿಗೆ, ಮಾತು ಬಂದಾಗ. "ಬೇಗ ಹಾಕ್ಕೊ. ನಮ್ಮ ಚಿಕ್ಕಪ್ಪ ಬೆಳಗ್ಗೆಯಿಂದ ಏನೂ ತಿಂದಿಲ್ಲ."